ಕವಲು ಬಾಲದ ಕಾವಲು

ಹಣ್ಣಾದ ರೇಷ್ಮೆಹುಳುಗಳನ್ನು ಗೂಡು ಕಟ್ಟಲು ಚಂದ್ರಿಕೆಗೆ ಬಿಟ್ಟ ದಿನ ಸುಗಟೂರಿನ ಮುನಿಶಾಮಮ್ಮನಿಗೆ ಒಂದೇ ಕೆಲಸ. ಆ ಬಿದಿರು ತಟ್ಟೆಗಳನ್ನು ಹೊಂಗೆಯ ನೆರಳಿಗೆ ಒರಗಿಸಿ, ಕೋಲು ಹಿಡಿದು ಸಂಜೆಯವರೆಗೆ ಕಾಯುವುದು. ಕೂತು ನೋಡುವುದೂ ಒಂದು ಕೆಲಸವಾ ಅನ್ನುವವರು ಈ ಬಿಸಿಲಲ್ಲಿ ಒಂದು ದಿನ ಕೂತು ನೋಡಲಿ! ಕೆಳಗಿನಿಂದ ಇರುವೆ, ಪಕ್ಕದಿಂದ ಹುಳುವಿನ ಮೈಮೇಲೆ ಮೊಟ್ಟೆಯಿಡುವ ಊಜಿನೊಣ, ಮೇಲಿನಿಂದ ಕಾಗೆ.

ಆಕೆಯ ಕಣ್ಣಿಗೆ ಪೊರೆ ಬಂದಿತ್ತು. ಕೋಲಾರದ ಆಸ್ಪತ್ರೆಗೆ ಹೋಗೋಣವೆಂದು ಹೇಳಿ ಹೇಳಿ ಸೊಸೆ ಸರಳಾಳಿಗೆ ಬಾಯಿ ನೋವು ಬಂದಿತ್ತು.

“ನನ್ ಕಣ್ಣಿಗೇನ್ ಬಂದೈತೆ? ನೊಣದ ಮೀಸೆ ಕಾಣ್ತೈತೆ, ಹೋಗೇ!”

ಒಪ್ಪಿಕೊಂಡರೆ ಕೋಲು ಕಿತ್ತುಕೊಂಡು ಮೂಲೆಗೆ ಕೂರಿಸುತ್ತಾರೆ ಎಂಬ ಹೆದರಿಕೆ, ಮತ್ತೇನಲ್ಲ.

ಹೊಂಗೆಯಲ್ಲಿ ಜೋಡಿ ಕಾಜಾಣಗಳು ಮರಿ ಮಾಡಿದ್ದವು. ಕಾಗೆಯಂತೆ ಕಪ್ಪು, ಬಾಲ ಮಾತ್ರ ಕವಲು. ಹಿಡಿಯಷ್ಟಿಲ್ಲದ ಹಕ್ಕಿಗಳು, ಆದರೆ ಕಾಗೆ ಆ ಮರದತ್ತ ಸುಳಿದರೆ ಬೆನ್ನು ಹತ್ತಿ ಕುಕ್ಕಿ ಓಡಿಸುತ್ತಿದ್ದವು. ನಡುವೆ ಅವೇ ಒಂದೆರಡು ಹುಳು ಎತ್ತಿದರೂ ಮುನಿಶಾಮಮ್ಮ ನೋಡದವಳಂತೆ ಇರುತ್ತಿದ್ದಳು.

ಬೆಳಿಗ್ಗೆ ಚಂದ್ರಿಕೆಯ ಬುಡಕ್ಕೆ ಬೂದಿ ಸುರಿದು ಇರುವೆಯ ದಾರಿ ಕಟ್ಟಿದಳು. ಟವೆಲ್ ಬೀಸಿ ನೊಣ ಓಡಿಸಿದಳು. ಮಧ್ಯಾಹ್ನ ಮುದ್ದೆ ಉಂಡು ಕೈ ತೊಳೆಯುತ್ತಿದ್ದಾಗ ಚಂದ್ರಿಕೆಯ ಮೇಲೆ ಏನೋ ಕಪ್ಪಗೆ ಕೂತಿತು.

“ನಿನ್ ಮನೆ ಹಾಳಾಗ, ಕಾಗೆ!” ಎಂದು ಕೋಲು ಬೀಸಿ ಎಸೆದಳು.

ಪೆಟ್ಟು ತಾಗಿದ ಹಕ್ಕಿ ಚೀರಿತು. ಅದು ಕಾಗೆಯ ದನಿಯಲ್ಲ. ಕಾಜಾಣ ಕೆರೆಯ ಕಡೆ ಹಾರಿತು, ಜೊತೆಯದೂ ಹಿಂದೆಯೇ ಹೋಯಿತು. ಅಷ್ಟು ಸಾಕಾಯಿತು, ಕಾಗೆಗಳು ದಂಡಾಗಿ ಬಂದಿಳಿದವು. ಆಕೆ ಕೂಗಿದಳು, ಕಂಡ ಕಪ್ಪಿನ ಕಡೆಗೆಲ್ಲ ಕೈ ಬೀಸಿದಳು. ಸರಳಾ ಓಡಿ ಬರುವಷ್ಟರಲ್ಲಿ ಒಂದು ಚಂದ್ರಿಕೆ ಅರ್ಧ ಖಾಲಿ.

“ಹೋಗ್ಲಿ ಬಿಡತ್ತೆ. ಹಾಳು ಕಾಗೆಗಳು.”

“ಕಾಗೆ ಏನ್ ಮಾಡ್ತು? ಕಾಯೋ ಹಕ್ಕಿಗೇ ನಾನು ಹೊಡೆದೆ ಕಣೇ,” ಎಂದಳು ಮುನಿಶಾಮಮ್ಮ. ಸರಳಾ ಕೋಲು ಹುಡುಕಿ ತಂದು ಅತ್ತೆಯ ಕೈಗೇ ಕೊಟ್ಟಳು.

ಬಿಸಿಲು ಇಳಿದಾಗ ಹೊಂಗೆಯ ಕೊಂಬೆಗೆ ಕಪ್ಪಗೆ ಏನೋ ಬಂದು ಕೂತಿತು. ಮುನಿಶಾಮಮ್ಮ ಕೋಲು ಎತ್ತಿದಳು, ಮತ್ತೆ ಇಳಿಸಿದಳು.

“ಸರಳಾ, ಸ್ವಲ್ಪ ನೋಡಿ ಹೇಳೇ. ಬಾಲ ಕವಲೊಡೆದೈತಾ?”

ಇಂಥ ಮಾತನ್ನು ಆಕೆ ಈವರೆಗೆ ಯಾರನ್ನೂ ಕೇಳಿದವಳಲ್ಲ.

“ಹೂಂ ಅತ್ತೆ. ಬಾಯಲ್ಲಿ ಹುಳ ಐತೆ, ಮರಿಗೆ ಕೊಡ್ತೈತೆ.”

“ಹಂಗಾದ್ರೆ ನಾಳೆ ಕೋಲಾರದ ಬಸ್ ಹತ್ತಣ. ಇಲ್ಲಿ ಕಾಯಕ್ಕೆ ಅದು ಐತಲ್ಲ.”