ವಾರಕ್ಕೊಮ್ಮೆ ಸಡಿಲವಾಗುವ ಕುರ್ಚಿ

ಆಸ್ಪತ್ರೆಯ ಹಿಂಭಾಗದ ಮರಗೆಲಸದ ಶೆಡ್ಡಿನಲ್ಲಿ ಇಪ್ಪತ್ತಾರು ವರ್ಷದಿಂದ ದುಡಿಯುತ್ತಿದ್ದ ಬಡಗಿಗೆ ಮೈಯಲ್ಲಿ ಯಾವ ತೊಂದರೆಯೂ ಇಲ್ಲ ಎಂಬುದಕ್ಕೆ ಲಿಖಿತ ಪುರಾವೆಯಿತ್ತು. ಹೆಂಡತಿ ಅವನನ್ನು ಕರೆದೊಯ್ದು ರಕ್ತ, ಸಕ್ಕರೆ, ಕಣ್ಣು, ಎದೆ ಎಲ್ಲವನ್ನೂ ತೋರಿಸಿದ್ದಳು. ಎಲ್ಲವೂ ಸರಿಯಾಗಿತ್ತು. ಅವಳಿಗೆ ಸ್ವಲ್ಪ ನಿರಾಸೆಯೇ ಆಯಿತು.

"ಹಾಗಾದ್ರೆ ಊಟ ಯಾಕೆ ಸೇರಲ್ಲ ನಿಮಗೆ?"

"ಸೇರತ್ತೆ."

"ದಿನಾ ತಟ್ಟೆ ತೊಳೆಯೋಳು ನಾನು. ನನಗೆ ಗೊತ್ತಾಗಲ್ವಾ?"

"ಹಾಗಾದ್ರೆ ತಟ್ಟೇನೇ ಕೇಳು," ಎಂದು ಅವನು ಎದ್ದು ಕೈತೊಳೆದ.

ಈ ವಯಸ್ಸಿನಲ್ಲಿ ಗಂಡಸರಿಗೆ ಹೀಗಾಗುವುದುಂಟು, ಎರಡು ವರ್ಷ ಬಿಟ್ಟರೆ ತಾನಾಗಿ ಸರಿಹೋಗುತ್ತದೆ, ತನ್ನ ಗಂಡನೂ ಹಾಗೇ ಸರಿಹೋದದ್ದು ಎಂದು ಹೆಂಡತಿಯ ಅಕ್ಕ ಫೋನಿನಲ್ಲಿ ಸಮಾಧಾನ ಹೇಳಿದಳು. ಆ ಭಾವ ಸರಿಹೋಗಿದ್ದಾರೆ ಎಂಬುದನ್ನು ಅವಳೊಬ್ಬಳನ್ನು ಬಿಟ್ಟು ಬೇರೆ ಯಾರೂ ಗಮನಿಸಿರಲಿಲ್ಲ.

ನಡೆದದ್ದು ಇಷ್ಟು. ಶೆಡ್ಡಿನಲ್ಲಿ ದೊಡ್ಡ ಗರಗಸದ ಯಂತ್ರವಿದೆ. ಉದ್ದದ ಹಲಗೆ ಸೀಳಲು ಇಬ್ಬರು ಬೇಕು. ಈಚೆಯವನು ಹಲಗೆಯನ್ನು ಅಲಗಿನತ್ತ ತಳ್ಳಬೇಕು, ಆಚೆಯವನು ಎಳೆದುಕೊಳ್ಳಬೇಕು. ತಳ್ಳುವವನು ಕೈ ಸರಿಮಾಡಿಕೊಂಡು "ಹ್ಞೂಂ" ಅನ್ನುವವರೆಗೆ ಎಳೆಯುವವನು ಎಳೆಯಕೂಡದು. ಇದು ಗೋಡೆಯ ಮೇಲೆ ಬರೆದ ನಿಯಮವಲ್ಲ, ಕೆಲಸ ಕಲಿಸಿದ ಹಿರಿಯರು ತಲೆಗೆ ಮೊಟಕಿ ಹೇಳಿಕೊಟ್ಟದ್ದು. ತಳ್ಳುತ್ತಿದ್ದವನು ಉದ್ದಣ್ಣ, ಆರಡಿಯ ಮೇಲೆ ಎರಡಂಗುಲ ಬೆಳೆದಿದ್ದರಿಂದ ಆ ಹೆಸರು. ಎಳೆಯುತ್ತಿದ್ದವನು ನಮ್ಮ ಬಡಗಿ. ಇಬ್ಬರೂ ಸದಾ ಒಟ್ಟಿಗೇ ಇರುತ್ತಿದ್ದರೆಂದು ಆಸ್ಪತ್ರೆಯವರು ಅವರನ್ನು ಜೋಡಿ ಬಾಗಿಲು ಎನ್ನುತ್ತಿದ್ದರು. ಹತ್ತಾರು ವರ್ಷ ಜೊತೆಯಲ್ಲಿ ಹಲಗೆ ಸೀಳಿದ ಮೇಲೆ ಆ "ಹ್ಞೂಂ" ಮೆಲ್ಲಗೆ ಬಿಟ್ಟುಹೋಯಿತು. ಒಬ್ಬನ ಭುಜ ಅಲುಗಿದರೆ ಸಾಕು, ಇನ್ನೊಬ್ಬನಿಗೆ ತಿಳಿಯುತ್ತಿತ್ತು. ಆರು ತಿಂಗಳ ಹಿಂದೆ ಒಂದು ಬೆಳಗ್ಗೆ ಉದ್ದಣ್ಣನ ಭುಜ ಅಲುಗಿದ್ದು ಸೀನು ಬಂದದ್ದರಿಂದ. ಬಡಗಿ ಎಳೆದ. ಉದ್ದಣ್ಣನ ಬಲಗೈಯ ಎರಡು ಬೆರಳು ಹೋದವು.

ವಿಚಾರಣೆ ನಡೆದು, ಯಂತ್ರದ ರಕ್ಷಣೆಯ ತಗಡು ಹಳೆಯದಾಗಿತ್ತೆಂದು ವರದಿ ಬಂತು. ನೀನು ಯಾವಾಗ ಎಳೆದೆ ಎಂದು ಬಡಗಿಯನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದ. ಕೇಳದೆ ಹೇಳುವ ಅಭ್ಯಾಸ ಅವನಿಗಿರಲಿಲ್ಲ. ವಾರ್ಡಿಗೆ ಒಂದು ಸಲ ಹೋದ, ಉದ್ದಣ್ಣ ನಿದ್ದೆಯಲ್ಲಿದ್ದ, ಹಣ್ಣಿನ ಚೀಲವನ್ನು ಮಂಚದ ಪಕ್ಕ ಇಟ್ಟು ಬಂದ. ಅಲ್ಲಿಂದೀಚೆಗೆ ಯಂತ್ರದ ಸ್ವಿಚ್ಚನ್ನು ಅವನು ಮುಟ್ಟಲಿಲ್ಲ. ಎಲ್ಲವನ್ನೂ ಕೈಗರಗಸದಲ್ಲೇ ಕೊಯ್ಯತೊಡಗಿದ. "ಕರೆಂಟು ಉಳಿಸ್ತಿದ್ದೀಯ, ಒಳ್ಳೇದು," ಎಂದು ಮೇಸ್ತ್ರಿ ಮೆಚ್ಚಿಕೊಂಡ.

ಅದೇ ದಿನಗಳಲ್ಲಿ ಆಡಳಿತದವರು ಎರಡನೇ ಮಹಡಿಯಲ್ಲಿ ನೌಕರರಿಗಾಗಿ ಆಪ್ತಸಮಾಲೋಚನೆಯ ಕೋಣೆ ತೆರೆದರು. ಮನಸ್ಸಿನ ಭಾರವನ್ನು ಗುಟ್ಟಾಗಿ ಹೇಳಿಕೊಳ್ಳಬಹುದು ಎಂದು ಕ್ಯಾಂಟೀನಿನ ಗೋಡೆಗೆ ನೋಟಿಸು ಅಂಟಿಸಿದರು. ಹೋಗುವವರು ಮುಂದಿನ ಮೆಟ್ಟಿಲು ಹತ್ತಿ, ಮೇಲಿನ ಮೇಜಿನಲ್ಲಿ ಹೆಸರು, ವಿಭಾಗ ಮತ್ತು ಬಂದ ಕಾರಣವನ್ನು ದೊಡ್ಡ ರಿಜಿಸ್ಟರಿನಲ್ಲಿ ಬರೆಸಬೇಕಿತ್ತು. ಮೊದಲ ತಿಂಗಳು ನಾಲ್ಕು ಜನ ಬಂದರು. ಅವರಲ್ಲಿ ಮೂವರು ಎಕ್ಸ್‌ರೇ ಎಲ್ಲಿ ಎಂದು ಕೇಳಲು ಬಂದವರು. ಆ ಮೇಜಿಗೆ ಕೂರಿಸಿದ್ದು ಉದ್ದಣ್ಣನನ್ನು. ಶೆಡ್ಡಿನ ಕೆಲಸ ಇನ್ನು ಅವನಿಂದ ಆಗುವಂತಿರಲಿಲ್ಲ.

ಬಡಗಿ ಆ ಮೆಟ್ಟಿಲ ಕಡೆ ತಲೆಹಾಕಲಿಲ್ಲ. ಆದರೆ ಒಂದು ಸೋಮವಾರ ಶೆಡ್ಡಿಗೆ ರಿಪೇರಿ ಚೀಟಿ ಬಂತು: ಹದಿನಾಲ್ಕನೇ ಕೋಣೆ, ಕುರ್ಚಿ ಕಿರುಗುಟ್ಟುತ್ತದೆ. ಹದಿನಾಲ್ಕು ಎಂದರೆ ಆ ಸಮಾಲೋಚನೆಯ ಕೋಣೆ. ಕೆಳಗೆ ಸಹಿಯಿರಲಿಲ್ಲ. ಅಕ್ಷರಗಳು ಒಂದರ ಮೇಲೊಂದು ಬೀಳುವಂತಿದ್ದವು. ಇಷ್ಟು ಓದಿದ ಸಮಾಲೋಚಕಿ ಮೇಡಮ್ಮಿಗೆ ಇಂಥ ಅಕ್ಷರವೇ ಎಂದುಕೊಂಡ. ರಿಪೇರಿಯವರು ಹಿಂದಿನ ಮೆಟ್ಟಿಲಿನಿಂದ ಹೋಗಬೇಕು, ಹೆಸರು ಬರೆಸಬೇಕಿಲ್ಲ. ಆ ದಾರಿಯಲ್ಲಿ ಮೇಜು ಸಿಗುವುದಿಲ್ಲ. ಅವನು ಚೀಲ ಎತ್ತಿಕೊಂಡ.

ಸಮಾಲೋಚಕಿ ನಲವತ್ತು ದಾಟಿದ ಹೆಂಗಸು. ಮೇಜಿನ ಮೇಲಿದ್ದ ಕಣ್ಣೊರೆಸುವ ಕಾಗದದ ಪೆಟ್ಟಿಗೆಯನ್ನು ಇನ್ನೂ ತೆರೆದಿರಲಿಲ್ಲ. ಕುರ್ಚಿಯನ್ನು ಬಹಳ ಹಿಂದೆ ಬಡಗಿಯೇ ಮಾಡಿದ್ದ. ಸೀಟಿನ ಕೆಳಗಿನ ಒಂದು ತಿರುಪು ಸಡಿಲವಾಗಿತ್ತು. ಬಿಗಿ ಮಾಡಿ, ಪರೀಕ್ಷೆಗೆಂದು ಕೂತ. ಮಾಡಿದ ಕುರ್ಚಿಯಲ್ಲಿ ಎಣಿಸಿ ಐದು ನಿಮಿಷ ಕೂತು ನೋಡುವುದು ಅವನ ಪದ್ಧತಿ.

"ಹೇಗಿದೆ?" ಎಂದಳು ಆಕೆ.

"ಪರವಾಗಿಲ್ಲ."

"ನೀವು?"

"ಪರವಾಗಿಲ್ಲ."

ಆಕೆ ಇನ್ನೇನೂ ಕೇಳಲಿಲ್ಲ. ಐದು ನಿಮಿಷದಲ್ಲಿ ಇನ್ನೂ ನಾಲ್ಕು ಉಳಿದಿದ್ದವು. ಮೂರನೆಯದರಲ್ಲಿ ಬಡಗಿ, ಯಾರೂ ಕೇಳದಿದ್ದರೂ, ಈಚೆಗೆ ಊಟ ಸೇರುತ್ತಿಲ್ಲ ಎಂದ. ಹೊರಡುವಾಗ ಆಕೆ ಫೋನಿನಲ್ಲಿದ್ದಳು. ಅವನು ಬಗ್ಗಿ, ತಿರುಪನ್ನು ಅರ್ಧ ಸುತ್ತು ಹಿಂದಕ್ಕೆ ತಿರುಗಿಸಿದ. ತನ್ನ ಕೈಯ ಕೆಲಸವನ್ನು ತಾನೇ ಕೆಡಿಸಿದ್ದು ಅದೇ ಮೊದಲು. ಹಿಂದಿನ ಮೆಟ್ಟಿಲನ್ನು ಕಳ್ಳನ ಹಾಗೆ ಇಳಿದ.

ಮುಂದಿನ ಸೋಮವಾರ ಚೀಟಿ ಬಂತು. ಅದರ ಮುಂದಿನ ಸೋಮವಾರವೂ ಬಂತು. ನಾಲ್ಕನೇ ವಾರ ಆಕೆ ಕೇಳಿದಳು, "ಇದು ಬರೋ ವಾರಾನೂ ಸಡಿಲ ಆಗಬಹುದಾ?"

"ಹಳೇ ಮರ ಮೇಡಂ. ಹೇಳಕ್ಕಾಗಲ್ಲ."

ಐದನೇ ವಾರ ಹಲಗೆಯ ವಿಷಯ, ಸೀನಿನ ವಿಷಯ ಎಲ್ಲ ಹೇಳಿದ. ನಿಮ್ಮ ತಪ್ಪಲ್ಲ ಎಂದು ಆಕೆ ಹೇಳಬಹುದೆಂದು ಕಾದ. ಆಕೆ ಹೇಳಲಿಲ್ಲ.

"ಇದು ಬೇರೆ ಯಾರಿಗೆ ಗೊತ್ತು?" ಎಂದಳು.

"ಅವನಿಗೆ ಗೊತ್ತಿರಬೇಕು. ಹೋಗಿದ್ದು ಅವನ ಬೆರಳಲ್ವಾ."

"ಗೊತ್ತಿದೆಯಾ ಅಂತ ಕೇಳಿದ್ದೀರಾ?"

ಬಡಗಿ ಕೆಳಗೆ ಬಗ್ಗಿ, ಬಿಗಿಯಾಗಿಯೇ ಇದ್ದ ತಿರುಪನ್ನು ಇನ್ನಷ್ಟು ಬಿಗಿ ಮಾಡಿದ. ಆ ವಾರ ಮನೆಯಲ್ಲಿ ತಟ್ಟೆ ಪೂರ್ತಿ ಖಾಲಿಯಾಯಿತು. ಹೆಂಡತಿ ಅಕ್ಕನಿಗೆ ಫೋನು ಮಾಡಿ, ಎರಡು ವರ್ಷ ಬೇಕಾಗಲಿಲ್ಲ ನೋಡು ಎಂದಳು.

ಅಡ್ಡಬಂದದ್ದು ಸ್ಟೋರಿನ ಅಧಿಕಾರಿ. ಒಂದೇ ಕುರ್ಚಿಗೆ ಏಳು ವಾರದಲ್ಲಿ ಏಳು ಚೀಟಿ ಬಂದದ್ದು ಅವರ ಕಣ್ಣಿಗೆ ಬಿತ್ತು. ಕುರ್ಚಿಯನ್ನು ಗುಜರಿಗೆ ಹಾಕಿಸಿ ಕಬ್ಬಿಣದ ಕುರ್ಚಿ ತರಿಸಿದರು. ಬಡಗಿಯ ಕೆಲಸ ಗುಣಮಟ್ಟಕ್ಕೆ ತಕ್ಕಂತಿಲ್ಲ ಎಂದು ಒಂದು ಮೆಮೊ ಕೊಟ್ಟರು. ಇಪ್ಪತ್ತಾರು ವರ್ಷದಲ್ಲಿ ಅದು ಮೊದಲನೆಯದು. ಬಡಗಿ ಸಹಿ ಹಾಕಿದ.

"ಕಬ್ಬಿಣದ್ದು ನೋಡು, ಹತ್ತು ವರ್ಷ ಅಲ್ಲಾಡಲ್ಲ," ಎಂದ ಮೇಸ್ತ್ರಿ.

ಎಂಟನೇ ಸೋಮವಾರ ಚೀಟಿ ಬರಲಿಲ್ಲ. ಬಡಗಿ ಹನ್ನೊಂದು ಗಂಟೆಯವರೆಗೆ ಒಂದು ಹಲಗೆಯನ್ನು ಉಜ್ಜಿದ. ಹಲಗೆ ಮುಕ್ಕಾಲು ಅಂಗುಲದಿಂದ ಅರ್ಧ ಅಂಗುಲಕ್ಕೆ ಇಳಿದು ಯಾವ ಕೆಲಸಕ್ಕೂ ಬಾರದಂತಾಯಿತು. ಆಮೇಲೆ ಕೈ ಒರೆಸಿಕೊಂಡು, ಚೀಲವನ್ನು ಅಲ್ಲೇ ಬಿಟ್ಟು ಹೊರಟ. ಚೀಲವಿಲ್ಲದವನಿಗೆ ಹಿಂದಿನ ಮೆಟ್ಟಿಲಿಲ್ಲ. ಕ್ಯಾಂಟೀನಿನ ಎದುರಿನಿಂದಲೇ ಹಾದು ಮುಂದಿನ ಮೆಟ್ಟಿಲು ಹತ್ತಿದ.

ಉದ್ದಣ್ಣ ರಿಜಿಸ್ಟರನ್ನು ತಿರುಗಿಸಿಟ್ಟುಕೊಂಡು ಎಡಗೈಯಲ್ಲಿ ಪೆನ್ನು ಹಿಡಿದ. ತಲೆಯೆತ್ತಲಿಲ್ಲ.

"ಹೆಸರು?"

"ಗೊತ್ತಿಲ್ವಾ ನಿನಗೆ?"

"ಕೇಳಬೇಕು ಅಂತ ರೂಲ್ಸಿದೆ." ಬರೆದುಕೊಂಡ. ಅಕ್ಷರಗಳು ಒಂದರ ಮೇಲೊಂದು ಬೀಳುವಂತಿದ್ದವು. ಬಡಗಿ ಅವನ್ನು ನೋಡುತ್ತ ನಿಂತ.

"ಚೀಟಿ ಬರೀತಿದ್ದೋನು ನೀನಾ?"

"ಮತ್ತಿನ್ಯಾರು? ಮೇಡಂ ಹೇಳೋರು, ನಾನು ಬರೆಯೋನು."

"ಏಳೂ?"

"ಏಳೂ. ನೀನು ಬಿಗಿ ಮಾಡಿದ ಕುರ್ಚಿ ವಾರಕ್ಕೊಂದು ಸಲ ಸಡಿಲ ಆಗತ್ತೆ ಅಂದ್ರೆ ನಂಬೋಕೆ ನಾನೇನು ಸ್ಟೋರ್ ಆಫೀಸರಾ? ಆಗ್ಲಿ, ಇವನು ಎಷ್ಟು ವಾರ ಹಿಂದಿನ ಮೆಟ್ಟಿಲು ಹತ್ತುತಾನೆ ನೋಡೋಣ ಅಂತ ಬರೀತಾ ಹೋದೆ." ಪೆನ್ನನ್ನು ಮುಂದಿನ ಕಾಲಮ್ಮಿಗೆ ತಂದ. "ಬಂದ ಕಾರಣ?"

ಬಡಗಿ ಮೇಜಿನ ಅಂಚನ್ನು ಹೆಬ್ಬೆರಳಿನಿಂದ ತಡವಿ ನೋಡಿದ. ಕೆಟ್ಟ ಕೆಲಸ, ಮೂಲೆ ಸರಿಯಾಗಿ ಕೂತಿರಲಿಲ್ಲ.

"ಅವತ್ತು ನೀನು ಹ್ಞೂಂ ಅನ್ನಲಿಲ್ಲ," ಎಂದ. "ನಾನು ಎಳೆದುಬಿಟ್ಟೆ."

"ಗೊತ್ತು."

"ಗೊತ್ತಿತ್ತಾ?"

"ಕೈ ನನ್ನದಲ್ವೇನೋ." ಉದ್ದಣ್ಣ ಪೆನ್ನು ಕೆಳಗಿಟ್ಟ. "ಸೀನಿದ್ದು ನಾನು. ಹ್ಞೂಂ ಅನ್ನೋದು ಬಿಟ್ಟು ಎಷ್ಟು ವರ್ಷ ಆಗಿತ್ತೋ, ಬಿಟ್ಟಿದ್ದು ಇಬ್ರೂ. ಅದರ ಮೇಲೆ ನನಗೆ ಕೋಪ ಇಲ್ಲ. ಎಂಟು ತಿಂಗಳು ಮುಖ ತೋರಿಸಲಿಲ್ಲವಲ್ಲ, ಕೋಪ ಅದರ ಮೇಲೆ. ಅದು ಇನ್ನೂ ಇದೆ. ಇವತ್ತೇ ಹೋಗಿಬಿಡತ್ತೆ ಅಂದ್ಕೋಬೇಡ."

"ಇರಲಿ."

"ಅವತ್ತು ಹಣ್ಣು ತಂದಾಗ ನಾನು ಎಚ್ಚರವಾಗೇ ಇದ್ದೆ."

"ಮತ್ತೆ ಮಾತಾಡಬಾರದಿತ್ತಾ?"

"ನೀನು ಮಾತಾಡ್ತೀಯೇನೋ ಅಂತ ಕಾದೆ."

ಉದ್ದಣ್ಣ ಮತ್ತೆ ಪೆನ್ನು ಎತ್ತಿಕೊಂಡ. ಕಾರಣದ ಕಾಲಂ ಖಾಲಿಯಿತ್ತು. ಅಲ್ಲಿ 'ಕುರ್ಚಿ' ಎಂದು ಬರೆದ.

"ಕುರ್ಚಿ ಬದಲಾಯಿಸಿದ್ರಲ್ಲ," ಎಂದ ಬಡಗಿ.

"ಓದೋರು ಯಾರು?"

ಬಡಗಿ ಕೋಣೆಯ ಬಾಗಿಲಿನವರೆಗೆ ಹೋಗಿ, ಹಿಡಿಯ ಮೇಲೆ ಕೈಯಿಟ್ಟು ನಿಂತ. ಎಳೆಯಲಿಲ್ಲ. ತಿರುಗಿ ನೋಡಿದ. ಉದ್ದಣ್ಣ ಅವಸರ ಮಾಡಲಿಲ್ಲ. ಪೆನ್ನಿಗೆ ಮುಚ್ಚಳ ಹಾಕಿದ, ರಿಜಿಸ್ಟರು ಮುಚ್ಚಿದ, ಅದನ್ನು ಮೇಜಿನ ಅಂಚಿಗೆ ಸರಿಯಾಗಿ ಹೊಂದಿಸಿಟ್ಟ.

"ಹ್ಞೂಂ," ಎಂದ.

ಬಡಗಿ ಬಾಗಿಲನ್ನು ಎಳೆದ.