ಅಂಟುವಾಳ ಬೆರೆಸದ ನೀಲಗಿರಿ ಎಣ್ಣೆ

ಸಾವಿತ್ರಕ್ಕ, ಪುಟ್ಟಮ್ಮನ ಮಲ್ಲಿಗೆ ತೋಟ ಸುಟ್ಟುಹೋದದ್ದು ನಿಮ್ಮ ಔಷಧಿಯಿಂದಲ್ಲ, ನನ್ನಿಂದ. ಇಷ್ಟನ್ನು ಮನಸ್ಸಿನಲ್ಲಾದರೂ ನಿಮಗೆ ಹೇಳುವುದಕ್ಕೆ ನನಗೆ ಇಷ್ಟು ವರ್ಷ ಬೇಕಾಯಿತು — ಥೂ, ನನ್ನ ಮೇಲೆ ನನಗೇ ರೇಗುತ್ತದೆ.

ಆಗ ನಿಮ್ಮ ಮೇಲೆ ರೇಗುತ್ತಿತ್ತು, ಅದನ್ನೂ ಮುಚ್ಚಿಡುವುದಿಲ್ಲ. ಸ್ವಾತಂತ್ರ್ಯ ಬಂದು ನಾಲ್ಕೈದು ವರ್ಷವಾಗಿತ್ತೇನೋ. ಒಂಟಿಕೊಪ್ಪಲಿನ ಈ ಮನೆಗೆ ನೀವು ಹಿರಿಯ ಸೊಸೆ, ನಾನು ಕಿರಿಯವಳು. ಹಿತ್ತಲಿನ ಮಲ್ಲಿಗೆ ಬಳ್ಳಿಗೆ ನುಸಿ ಹತ್ತಿ, ಎಲೆಯ ಅಡಿಯೆಲ್ಲ ಬಲೆ ಕಟ್ಟಿಕೊಂಡಾಗ ನೀವು ನೀಲಗಿರಿ ಎಣ್ಣೆ ಹಿಡಿದು ಹೊರಟಿರಿ. ಅಂಟುವಾಳದ ಪುಡಿಯನ್ನು ನೀರಿನಲ್ಲಿ ನೊರೆ ಬರುವಂತೆ ಕಡೆದು, ಕೆಲವೇ ತೊಟ್ಟು ಎಣ್ಣೆ ಬಿಟ್ಟು, ಮತ್ತೆ ಕಡೆದು, ಬಿಸಿಲು ಇಳಿದ ಮೇಲೆ ಚಿಮುಕಿಸುವುದು. ಕಡೆಯುವುದು ಯಾವುದರಲ್ಲಿ? ಅಡುಗೆಮನೆಯ ಕಡಗೋಲಿನಲ್ಲಿ! ಮಜ್ಜಿಗೆಗೆಲ್ಲ ನೀಲಗಿರಿ ಎಣ್ಣೆಯ ವಾಸನೆ, ಅತ್ತೆಯವರ ಬೈಗುಳ ಮಾತ್ರ ನನಗೆ. ಆದರೂ — ಒಪ್ಪಿಕೊಳ್ಳಲೇಬೇಕು — ನುಸಿ ಹೋಯಿತು, ಬಳ್ಳಿ ಚಿಗುರಿತು.

ಅದನ್ನು ನೋಡಿಯೇ, ನಮಗೆ ದಿನಾ ಹೂವು ಕೊಡುತ್ತಿದ್ದ ಪುಟ್ಟಮ್ಮ ತನ್ನ ತೋಟಕ್ಕೂ ಕೇಳಿದಳು. ಊರಾಚೆಯ ಆ ತುಂಡು ತೋಟವೇ ಅವಳ ಅನ್ನ. "ನಿಮ್ ಕೈಗುಣ ಚೆಂದಾಗದೆ ಅಮ್ಮಾವ್ರೆ, ನೀವೇ ಮಾಡ್ಕೊಡಿ" ಎಂದಳು. ನಿಮ್ಮ ಮುಖ ಎಷ್ಟು ಅರಳಿತ್ತು!

ಔಷಧಿ ಕಲಸಬೇಕಾದ ದಿನ ನೀವು ಮುಟ್ಟಾಗಿ ಹೊರಗೆ ಕೂತಿದ್ದಿರಿ. ಹೂವಿನ ತೋಟಕ್ಕೆ ಹೋಗುವ ಔಷಧಿಯನ್ನು ನೀವು ಮುಟ್ಟುವ ಹಾಗಿರಲಿಲ್ಲ. ಹಿತ್ತಲ ಜಗಲಿಯಿಂದಲೇ ನನಗೆ ಹೇಳಿಕೊಟ್ಟಿರಿ, ಒಂದಲ್ಲ ಹತ್ತು ಸಲ. "ಅಂಟುವಾಳ ಮರೀಬೇಡ ಕಣೆ ಕಮಲಾ, ಅದಿಲ್ದಿದ್ರೆ ಎಣ್ಣೆ ನೀರಿಗೆ ಸೇರಲ್ಲ, ಎಲೆ ಸುಟ್ಟುಬುಡುತ್ತೆ." ಅಯ್ಯೋ, ಸಾಕು ಬಿಡಿ, ನಾನೇನು ಎಳೆಮಗುವೇ — ಎಂದು ಒಳಗೇ ಸಿಡುಕಿಕೊಂಡು ಹೋದೆ.

ಡಬ್ಬಿ ತೆಗೆದರೆ ಅಂಟುವಾಳದ ಪುಡಿ ಇಲ್ಲ. ಎಲ್ಲಿಂದ ಇರಬೇಕು? ಯುಗಾದಿಯ ಎಣ್ಣೆಸ್ನಾನಕ್ಕೆ ಸೀಗೆಪುಡಿ ಸಾಲದೆ ಬಂದಾಗ, ಮನೆಮಂದಿಯ ತಲೆಗೆಲ್ಲ ಅದನ್ನೇ ತಿಕ್ಕಿ ಮುಗಿಸಿದವಳು ನಾನೇ. ನಿಮಗೆ ಹೇಳಿದರೆ ಮತ್ತೊಂದು ಪಾಠ ಕೇಳಬೇಕಲ್ಲ! ಅದರ ಬದಲು ನೀರಿಗೆ ಕಡಲೆಹಿಟ್ಟನ್ನು ಕದಡಿ, ಎಣ್ಣೆ ಸುರಿದು, ಬಿಂದಿಗೆಯನ್ನು ಪುಟ್ಟಮ್ಮನ ಕೈಗೆ ಕೊಟ್ಟುಬಿಟ್ಟೆ. ಎಣ್ಣೆ ಮೇಲೆಯೇ ತೇಲುತ್ತಿತ್ತು, ಅದು ನನಗೆ ಕಂಡಿತ್ತು, ಅಕ್ಕ.

ಮೂರನೆಯ ದಿನಕ್ಕೇ ಅವಳು ಓಡಿ ಬಂದಳು. "ಎಲೆ, ಮೊಗ್ಗು, ಎಲ್ಲಾ ಸುಟ್ಟೋಗದೆ ಕಣ್ರವ್ವ! ಈ ಬ್ಯಾಸ್ಗೆ ಹೂವಿಲ್ಲ ಅಂದ್ರೆ ನಾನೇನ್ ತಿನ್ಲಿ?"

ನೀವು ನನ್ನ ಕಡೆ ತಿರುಗಿದಿರಿ. "ಅಂಟುವಾಳ ಹಾಕಿದ್ದೆ ತಾನೆ, ಕಮಲಾ?"

"ಹಾಕ್ದೆನಲ್ಲಾ! ನನ್ನ ಮೇಲೇ ಅನುಮಾನವೇ?"

ನೀವು ಮತ್ತೆ ಕೇಳಲಿಲ್ಲ. ನನ್ನನ್ನು ನಂಬಿದಿರಿ — ಯಾಕೆ ನಂಬಿದಿರೋ, ಇನ್ನೊಂದು ಸಲ ಗದರಿಸಿ ಕೇಳಿದ್ದರೆ... ಇಲ್ಲ, ಅದನ್ನೂ ನಿಮ್ಮ ಮೇಲೆ ಹಾಕಬಾರದು. ಪುಟ್ಟಮ್ಮನಿಗೆ ಕೈಮುಗಿದವರು ನೀವು. "ಇವಳ ಕೈ ತಾಗಿದ್ದೆಲ್ಲ ಹಾಳು" ಎಂದು ಅತ್ತೆಯವರು ಅವಳೆದುರಿಗೇ ನಿಮ್ಮನ್ನು ಅಂದಾಗ ನಾನು ಒಲೆಯ ಮುಂದೆ ಹುಳಿ ತಿರುವುತ್ತಾ ನಿಂತಿದ್ದೆ. ಪುಟ್ಟಮ್ಮ ಮತ್ತೆ ನಮ್ಮ ಬೀದಿಗೆ ಬರಲಿಲ್ಲ. ಅಂದಿನಿಂದ ನೀವು ಒಂದು ಸೊಪ್ಪಿನ ಬೀಜವನ್ನೂ ನೆಲಕ್ಕೆ ಹಾಕಿದ್ದಿಲ್ಲ.

ಇವತ್ತು ಬೆಳಿಗ್ಗೆ ಹಿತ್ತಲ ಬಳ್ಳಿಯಲ್ಲಿ ಮತ್ತೆ ನುಸಿ ಕಂಡಿತು. "ನೀಲಗಿರಿ ಎಣ್ಣೆ ಹಾಕೋಣವೇ, ಅಕ್ಕ?" ಎಂದೆ, ನಾಚಿಕೆಯಿಲ್ಲದೆ. "ಬೇಡ ಕಣೆ, ನನ್ನ ಕೈ ಒಳ್ಳೇದಲ್ಲ" ಎಂದು ಎರಡು ಕೈಗಳನ್ನೂ ಸೆರಗಿನೊಳಗೆ ಎಳೆದುಕೊಂಡಿರಿ.

ಆ ಕೈಗಳಲ್ಲಿ ಯಾವ ತಪ್ಪೂ ಇರಲಿಲ್ಲ. ಈಗಲೇ ಎದ್ದು ಬಂದು ಇದನ್ನು ನಿಮ್ಮ ಮುಖ ನೋಡಿ ಹೇಳುತ್ತೇನೆ. ಆಮೇಲೆ ಪುಟ್ಟಮ್ಮ ಎಲ್ಲಿದ್ದರೂ ಹುಡುಕಿ, ಅವಳೆದುರಿಗೂ ಹೇಳುತ್ತೇನೆ. ಕ್ಷಮಿಸಿ ಎಂದು ಕೇಳುವ ಬಾಯಿ ನನಗಿಲ್ಲ. ಸೆರಗಿನಿಂದ ಕೈ ಹೊರಗೆ ತೆಗೆಯಿರಿ, ಅಷ್ಟೇ ಕೇಳುತ್ತೇನೆ.