ಕಡೇ ಹಾಳೆ ಇಲ್ಲದ ಕಥೆ

ರಟ್ಟಿನಜ್ಜ ಹೋಗುವ ಹಿಂದಿನ ದಿನ ವಿಶೇಷವೇನೂ ಇರಲಿಲ್ಲ. ಹರಿದ ಪುಸ್ತಕ ಹೊಲಿದು ರಟ್ಟು ಹಾಕುವುದು ಅವನ ಕಸುಬು. ಮನೆಯ ಮುಂದಿನ ಕೋಣೆಯೇ ಅಂಗಡಿ. ಶಾಲೆಯಿಂದ ಬಂದ ಪುಸ್ತಕದ ರಾಶಿ ನಡುವೆ ಕೂತಿದ್ದ. ಮಗಳು ಕೆಲಸಕ್ಕೆ ಹೋದರೆ ಮೊಮ್ಮಗಳು ಇವನ ಪಾಲು. ಕೈಗೆ ಬಂದ ಪುಸ್ತಕದ ಕಥೆ ಹೇಳು ಅಂತ ಪ್ರಾಣ ತಿನ್ನುತ್ತಿದ್ದಳು.

ಅವತ್ತು ಕೈಗೆ ಬಂದದ್ದು ಒಂದು ನೀತಿಕಥೆ. ಒಬ್ಬ ಹುಡುಗಿಗೆ ಬಲು ಅವಸರ. ಹೂವು ಅರಳುವ ತನಕ ಕಾಯಲಾರದೆ ಒಂದು ಮರದ ಮೊಗ್ಗುಗಳನ್ನೆಲ್ಲ ಉಗುರಿನಿಂದ ಬಿಡಿಸುತ್ತಾಳೆ. ಮರಕ್ಕೆ ಸಿಟ್ಟು ಬರುತ್ತದೆ.

“ಆಮೇಲೆ?”

“ಆಮೇಲೆ ಮರ ಬೇರು ಕಿತ್ಕೊಂಡು, ಹೇಳದೆ ಕೇಳದೆ ಹೊರಟೇಹೋಯ್ತು.”

“ಮರ ಅಂದ್ರೆ ಯಾರಜ್ಜ?” ಶಾಲೆಯಲ್ಲಿ ಮೇಷ್ಟ್ರು ಹಾಗೆ ಕೇಳುತ್ತಾರಂತೆ.

“ಮನೇಲಿರೋ ಮುದುಕರು ಅಂತ ಇಟ್ಕೋ.”

“ರೀ, ಊಟ ಆರ್ತಿದೆ,” ಅಜ್ಜಿ ಒಳಗಿಂದ ಕೂಗಿದಳು. “ನಿಮ್ಮ ಮರಕ್ಕಿರೋ ಕಾಲು ನಿಮಗಿಲ್ವಾ?”

ಬೆಳಗ್ಗೆ ಅವನು ಏಳಲಿಲ್ಲ. ನಿದ್ದೆಯಲ್ಲೇ ಎದೆ ನಿಂತಿದೆ ಅಂದರು ಡಾಕ್ಟರು.

ಜನ ಬಂದರು, ಅತ್ತರು, ಹೋದರು. ಮೊಮ್ಮಗಳು ಅಳಲಿಲ್ಲ. ಸರಿಯಾಗಿ ಉಣ್ಣಲೂ ಇಲ್ಲ. ಮುಷ್ಟಿ ಬಿಗಿ ಹಿಡಿದೇ ಓಡಾಡುತ್ತಿದ್ದಳು. ಎರಡು ವಾರ ಹೀಗೇ. ಒಂದು ದಿನ ಉಗುರು ತೆಗೆಯಲು ಅಜ್ಜಿ ಮುಷ್ಟಿ ಬಿಡಿಸಿದಳು.

“ಪೂರ್ತಿ ಕತ್ತರಿಸು ಅಜ್ಜಿ. ಮತ್ತೆ ಬೆಳೀಲೇಬಾರದು.”

“ಯಾಕೆ ಪುಟ್ಟಿ?”

“ಹಿತ್ತಲ ಗುಲಾಬಿ ಮೊಗ್ಗು ನಾನೇ ಬಿಡಿಸಿದ್ದು. ಮೂರು. ಅದಕ್ಕೇ ಅಜ್ಜ ಹೋಗಿದ್ದು.”

ಅಜ್ಜಿಗೆ ಸತ್ತವನ ಮೇಲೆ ಸಿಟ್ಟು ಬಂತು. ಓದಿದ್ದು ಮೂರನೇ ಕ್ಲಾಸು. ಕಥೆಗೆ ಅರ್ಥ ಬಿಡಿಸುವ ವಿದ್ಯೆ ಅವಳಿಗಿಲ್ಲ. ರಾಶಿಯಿಂದ ಆ ಪುಸ್ತಕ ಹುಡುಕಿ ತಂದು ಹಿಂಬದಿ ತೆರೆದಳು.

“ಕಡೇ ಹಾಳೆ ಎಲ್ಲಿ, ತೋರಿಸು.”

ಹೊಲಿಗೆಯ ಹತ್ತಿರ ಹರಿದ ಅಂಚು ಮಾತ್ರ ಇತ್ತು. “ಇಲ್ಲ.”

“ಹ್ಞಾಂ. ಕೊನೆ ಏನಂತ ನಿಮ್ಮಜ್ಜನಿಗೂ ಗೊತ್ತಿರ್ಲಿಲ್ಲ. ಬಾಯಿಗೆ ಬಂದದ್ದು ಹೇಳಿದ್ರು. ಮರ ಅಂದ್ರೆ ಮರ. ಅಜ್ಜ ಅಂದ್ರೆ ಅಜ್ಜ. ಅವರ ಎದೆ ಹಳೇದಾಗಿತ್ತು, ನಿಂತ್ಹೋಯ್ತು.”

“ಮೊಗ್ಗು?”

“ಬಿಡಿಸಿದ್ದು ತಪ್ಪು. ಮೂರು ಹೂವು ಹೋಯ್ತು. ಅಷ್ಟೇ ಹೋಗಿದ್ದು.”

“ಅಜ್ಜ ಸುಳ್ಳು ಹೇಳಿದ್ರಾ?”

“ಸುಳ್ಳಲ್ಲ, ಬುರುಡೆ. ಅದರಲ್ಲಿ ಎತ್ತಿದ ಕೈ ಅವರು. ಬುರುಡೆ ಬಿಟ್ಟೇ ನನ್ನ ಮದುವೆ ಆಗಿದ್ದು.”

ಮೊಮ್ಮಗಳು ನಕ್ಕಳು. ನಗುತ್ತಲೇ ಬಿಕ್ಕಿ ಬಿಕ್ಕಿ ಅತ್ತಳು. ಅತ್ತು ಮುಗಿಸಿ, ಹಸಿವು ಅಂದಳು.

ಉಂಡ ಮೇಲೆ, ಒಂದು ಖಾಲಿ ಹಾಳೆ ಅಂಟಿಸಿಕೊಡು, ಕೊನೆ ನಾನೇ ಬರೀತೀನಿ ಅಂತ ಹಟ ಹಿಡಿದಳು. ಅಜ್ಜಿ ಮೈದಾ ಕಲಸಿ, ಮೊದಲ ಸಲ ಅಂಟು ಕುದಿಸಿದಳು. ಗಂಟು ಗಂಟು. ಹಾಳೆ ಸೊಟ್ಟಗೆ ಕೂತಿತು. ಕೂತಿತಲ್ಲ, ಸಾಕು.

ಉಳಿದ ಪುಸ್ತಕಗಳನ್ನು ಶಾಲೆಗೆ ಹರಿದ ಹಾಗೇ ವಾಪಸು ಕೊಡಲು ಅಜ್ಜಿಗೆ ಮನಸ್ಸು ಬರಲಿಲ್ಲ. ಈಗ ದಿನಾ ಬೆಳಗ್ಗೆ ಎದ್ದು ಮುಖ ತೊಳೆದು ಅಂಟು ಒಲೆಗಿಡುತ್ತಾಳೆ. ತಳ ಹಿಡಿಯದ ಹಾಗೆ ತಿರುವುತ್ತಾಳೆ. ಗಂಟಾದರೆ ಬಟ್ಟೆಯಲ್ಲಿ ಸೋಸುತ್ತಾಳೆ.